ಮರಿನಾಯಿಗೆ "ಮನೆಗೇ ಬಂದು ಟ್ರೈನಿಂಗ್" ಅಂತ ಅಡ್ವಾನ್ಸ್ ಕೊಡೋ ಮೊದಲು ಇದನ್ನ ಓದಿ

ಮನೆಗೆ ಹೊಸದಾಗಿ ಮರಿ ತಂದವರು, ತರಬೇಕು ಅಂತಿರೋರು ದಯವಿಟ್ಟು ಪೂರ್ತಿ ಓದಿ. ಬೆಂಗಳೂರಲ್ಲಿ ಈಗ ಯಾವ ಬಡಾವಣೆಗೆ ಹೋದರೂ ಲೈಟ್ ಕಂಬದ ಮೇಲೆ "ಡಾಗ್ ಟ್ರೈನಿಂಗ್ ಅಟ್ ಹೋಮ್" ಚೀಟಿ ಅಂಟಿಸಿರ್ತಾರೆ. ಅಂಥ ಒಬ್ಬ "ಮಾಸ್ಟರ್" ನಮ್ಮ ಮನೆಯ ಕಪ್ಪು ಲ್ಯಾಬ್ರಡಾರ್ ಮರಿಗೆ ಏನು ಮಾಡಿದ, ಕೇಳಿದ್ದಕ್ಕೆ ಏನು ಉತ್ತರ ಕೊಟ್ಟ ಅಂತ ಬರೀತಿದ್ದೀನಿ. ಹೆಸರು ಹಾಕ್ತಿಲ್ಲ. ಇಂಥವರ ಹೆಸರು, ನಂಬರು ಬದಲಾಗ್ತಾನೇ ಇರುತ್ತೆ, ಮಾಡೋ ರೀತಿ ಮಾತ್ರ ಒಂದೇ.

ಮೂರು ತಿಂಗಳಿಗೆ ₹12,000, ಅರ್ಧ ಅಡ್ವಾನ್ಸ್, ದಿನಕ್ಕೆ ಅರ್ಧ ಗಂಟೆ. "ಪೊಲೀಸ್ ನಾಯಿಗಳಿಗೇ ಟ್ರೈನಿಂಗ್ ಕೊಟ್ಟಿದ್ದೀನಿ ಮೇಡಂ" ಅನ್ನೋ ಮಾತು ಬೇರೆ. ಜೊತೆಗೆ ಒಂದು ಷರತ್ತು: ಕ್ಲಾಸ್ ನಡೆಯುವಾಗ ಮನೆಯವರು ಯಾರೂ ಹತ್ತಿರ ಇರಬಾರದು. "ಓನರ್ ಕಣ್ಣಿಗೆ ಬಿದ್ದರೆ ಮರಿ ನಮ್ಮ ಮಾತು ಕೇಳಲ್ಲ."

ಯಾರೇ ಆಗಲಿ, ಈ ಮಾತು ಆಡಿದ ಕೂಡಲೇ ಗೇಟ್ ತೋರಿಸಿ. ಮರಿ ಕಲೀಬೇಕಾಗಿರೋದು ಮಾಸ್ಟರ್ ಮಾತು ಕೇಳೋದನ್ನಲ್ಲ, ಮನೆಯವರ ಮಾತು ಕೇಳೋದನ್ನ. ಸರಿಯಾದ ಟ್ರೈನರ್ ಅರ್ಧ ಗಂಟೆಯಲ್ಲಿ ಇಪ್ಪತ್ತೈದು ನಿಮಿಷ ಮನೆಯವರಿಗೇ ಹೇಳಿಕೊಡ್ತಾರೆ. ಬೆಲ್ಟ್ ಹಿಡಿದುಕೊಂಡು ಕಣ್ಮರೆಯಾಗಲ್ಲ.

ಇವನು ಕಣ್ಮರೆಯಾಗ್ತಿದ್ದ. ಎಲ್ಲಿಗೆ? ಪಕ್ಕದ ರಸ್ತೆಯ ಖಾಲಿ ಸೈಟಿಗೆ. ಬೀದಿನಾಯಿಗಳು ಮಲ ಮಾಡೋ ಜಾಗ ಅದು. ಮರಿಗೆ ಲಸಿಕೆಯ ಎರಡನೇ ಡೋಸ್ ಇನ್ನೂ ಆಗಿರಲಿಲ್ಲ, ಅದನ್ನ ಮೊದಲ ದಿನವೇ ಕಾರ್ಡ್ ತೋರಿಸಿ ಹೇಳಲಾಗಿತ್ತು. ಮರಿಗಳಿಗೆ ವಾಂತಿ, ರಕ್ತಭೇದಿ ತರಿಸಿ ಜೀವಕ್ಕೇ ಕುತ್ತು ತರೋ ಪಾರ್ವೊ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ, ಚಪ್ಪಲಿಗೆ ಅಂಟಿಕೊಂಡೂ ಮನೆಯೊಳಗೆ ಬರುತ್ತೆ. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಕೆಲವು ವಾರ ಲಸಿಕೆಗೇ ಅಡ್ಡ ಬರುತ್ತೆ. ಯಾವ ಮರಿಯಲ್ಲಿ ಅದು ಯಾವಾಗ ಇಳಿಯುತ್ತೆ ಅಂತ ಗೊತ್ತಾಗಲ್ಲ, ಅದಕ್ಕೇ 6-8 ವಾರಕ್ಕೆ ಶುರು ಮಾಡಿ ಮೂರ್ನಾಲ್ಕು ವಾರಕ್ಕೊಮ್ಮೆ 16 ವಾರದವರೆಗೂ ಕೊಡಿಸೋದು. ಒಂದು ಇಂಜೆಕ್ಷನ್ ಆಯ್ತು, ಇನ್ನೇನು ಭಯ ಇಲ್ಲ ಅನ್ನೋ ಹಾಗಿಲ್ಲ. ಅಲ್ಲಿಯವರೆಗೆ ಮರಿಗೆ ಹೊರಗಿನ ಪ್ರಪಂಚ ತೋರಿಸಲೇಬೇಕು, ಯಾಕಂದರೆ 3ರಿಂದ 14 ವಾರದೊಳಗೆ ನೋಡದೇ ಇದ್ದದ್ದಕ್ಕೆ ಆಮೇಲೆ ಹೆದರಬಹುದು. ಆದರೆ ಎತ್ತಿಕೊಂಡು ಹೋಗಿ ತೋರಿಸಬೇಕು. ಆಟೋ ಸದ್ದು, ಹೆಲ್ಮೆಟ್ ಹಾಕಿದವರು, ತರಕಾರಿ ಗಾಡಿಯವರ ಕೂಗು, ಎಲ್ಲಾ ತೋಳಲ್ಲಿ ಕೂತೇ ನೋಡಲಿ. ಕಾಲು ಮಾತ್ರ ಆ ಮಣ್ಣಿಗೆ ತಾಗಬಾರದು.

ಇದನ್ನ ಕೇಳಿದ್ದಕ್ಕೆ ಉತ್ತರ: "ಏನೂ ಆಗಲ್ಲ ಮೇಡಂ, ಬೀದಿನಾಯಿಗಳಿಗೆ ಯಾರು ಇಂಜೆಕ್ಷನ್ ಹಾಕಿಸ್ತಾರೆ?" ಬೀದಿಯಲ್ಲಿ ಹುಟ್ಟೋ ಮರಿಗಳಲ್ಲಿ ಎಷ್ಟು ಉಳಿಯುತ್ತವೆ ಅಂತ ಇವನಿಗೆ ಗೊತ್ತಿಲ್ಲವಾ? ಚೆನ್ನಾಗಿ ಗೊತ್ತು.

ಈಗ ಆ ವಿಡಿಯೋ ವಿಷಯ. ಹೊಟ್ಟೆ ಉರಿಯೋದು ಇಲ್ಲೇ. "ನಿಮ್ಮ ಮರಿ ಸಿಟ್, ಸ್ಟೇ ಎರಡೂ ಕಲಿತುಬಿಡ್ತು" ಅಂತ ವಾಟ್ಸಾಪಲ್ಲಿ ಒಂದು ವಿಡಿಯೋ ಬಂತು, ಅದರ ಹಿಂದೆಯೇ ಉಳಿದ ದುಡ್ಡಿಗೆ ಮೆಸೇಜ್. ಕಪ್ಪು ಲ್ಯಾಬ್, ಕೂತಿದೆ, ಅಲುಗಾಡ್ತಿಲ್ಲ. ನಮ್ಮ ಮರಿಯ ಎದೆ ಮೇಲೆ ಬೆರಳಗಲ ಬಿಳಿ ಮಚ್ಚೆ ಇದೆ. ವಿಡಿಯೋದಲ್ಲಿರೋದಕ್ಕೆ ಇಲ್ಲ. ನಿಲ್ಲಿಸಿ, ದೊಡ್ಡದು ಮಾಡಿ ನೋಡಿದರೆ, ಬಾಯಿ ತೆರೆದಾಗ ದಪ್ಪ ಕೋರೆಹಲ್ಲು. ಹಾಲುಹಲ್ಲು ಸೂಜಿ ಥರ ಸಣ್ಣಗಿರುತ್ತೆ, 4ನೇ ತಿಂಗಳಿಂದ ಬಿದ್ದು 6ನೇ ತಿಂಗಳ ಹೊತ್ತಿಗೆ ಹೊಸದು ಬರುತ್ತೆ. ವಿಡಿಯೋದಲ್ಲಿದ್ದದ್ದು ಆರು ತಿಂಗಳು ದಾಟಿದ ಬೇರೆ ನಾಯಿ! ಬೇರೆಯವರ ಮನೆ ನಾಯಿ ತೋರಿಸಿ ನಮ್ಮ ಹತ್ತಿರ ದುಡ್ಡು ಕೇಳಿದ್ದ!

ಮಚ್ಚೆ ಎಲ್ಲಿ ಅಂದಿದ್ದಕ್ಕೆ "ಲೈಟಿಂಗ್ ಮೇಡಂ" ಅಂದ. ಹಲ್ಲು ತೋರಿಸಿದ ಮೇಲೆ "ಅದು ಸ್ಯಾಂಪಲ್ ವಿಡಿಯೋ, ನಿಮ್ಮದೂ ಹೀಗೇ ಆಗುತ್ತೆ ಅಂತ ಕಳಿಸಿದ್ದು" ಅಂದ. ಮೇಲಿನ ಮೆಸೇಜಲ್ಲಿ "ನಿಮ್ಮ ಮರಿ" ಅಂತ ಅವನೇ ಬರೆದಿದ್ದ.

ಅವತ್ತು ಮರಿಯ ಕತ್ತಿನ ಕೂದಲು ಬಿಡಿಸಿ ನೋಡಿದಾಗ ಸುತ್ತಲೂ ಒಂದು ಗೆರೆ, ಕೂದಲು ಮುರಿದು ಚರ್ಮ ಕೆಂಪಗಾಗಿತ್ತು. ಚೋಕ್ ಚೈನ್, ಅಂದರೆ ಜಗ್ಗಿದರೆ ಕತ್ತು ಬಿಗಿಯೋ ಸರಪಳಿ. ಮೂರು ತಿಂಗಳೂ ತುಂಬದ ಮರಿಗೆ! ಮನೆಯಿಂದ ಹೊರಡುವಾಗ ಬಟ್ಟೆ ಕಾಲರ್ ಇರ್ತಿತ್ತು, ತಿರುವು ದಾಟಿದ ಮೇಲೆ ಚೈನ್ ಬದಲಾಯಿಸ್ತಿದ್ದ ಅಂತ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು ಹೇಳಿದರು. "ಅಕ್ಕಾ, ಅವರು ಅದನ್ನ ಗಿಡಕ್ಕೆ ಕಟ್ಟಿ ಫೋನಲ್ಲೇ ಇರ್ತಿದ್ರು" ಅಂತಲೂ. ಮರಿಯ ಶ್ವಾಸನಾಳ ಇನ್ನೂ ಮೆತ್ತಗಿರುತ್ತೆ. ಚೈನ್ ಜಗ್ಗಿದಾಗಲೆಲ್ಲ ಅದೇ ಒತ್ತೋದು, ಕಣ್ಣಿನ ಒಳಒತ್ತಡವೂ ಏರುತ್ತೆ. ಬೇಕಾಗಿರೋದು ಹಗುರವಾದ ಚಪ್ಪಟೆ ಕಾಲರ್, ಕತ್ತಿಗೂ ಕಾಲರ್‌ಗೂ ಮಧ್ಯೆ ಎರಡು ಬೆರಳು ಸಲೀಸಾಗಿ ತೂರಬೇಕು. ನಡೆಸೋಕೆ ಎದೆಗೆ ಹಾಕೋ ಹಾರ್ನೆಸ್. ಮರಿ ಬೆಳೀತಿದ್ದ ಹಾಗೆ ವಾರಕ್ಕೊಮ್ಮೆ ಸಡಿಲ ಮಾಡ್ತಾ ಹೋಗಿ.

ಇದಕ್ಕೆ ಬಂದ ಉತ್ತರ: "ಅದು ಆಲ್ಫಾ ಆಗೋಕೆ ನೋಡ್ತಿದೆ ಮೇಡಂ, ಈಗಲೇ ಬಗ್ಗಿಸದಿದ್ದರೆ ನಾಳೆ ಮಕ್ಕಳನ್ನ ಕಚ್ಚುತ್ತೆ." ಮಕ್ಕಳ ಹೆಸರು ಹೇಳಿ ಹೆದರಿಸೋದು. ಈ ಆಲ್ಫಾ, ಅಂದರೆ ಗುಂಪಿನ ಯಜಮಾನ, ಅನ್ನೋ ಮಾತು ಹುಟ್ಟಿದ್ದೇ ಕೂಡಿಹಾಕಿದ, ಒಂದಕ್ಕೊಂದು ಪರಿಚಯವಿಲ್ಲದ ತೋಳಗಳನ್ನ ನೋಡಿ. ಅದನ್ನ ಜನಪ್ರಿಯಗೊಳಿಸಿದ ಅಮೆರಿಕದ ತೋಳ ವಿಜ್ಞಾನಿ ಡೇವಿಡ್ ಮೆಕ್ ಅವರೇ 1999ರಲ್ಲಿ, ಕಾಡಿನ ತೋಳದ ಗುಂಪು ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳ ಸಂಸಾರ, ಆ ಮಾತು ಅಲ್ಲಿಗೆ ಹೊಂದಲ್ಲ ಅಂತ ಬರೆದರು. ಎರಡೂವರೆ ತಿಂಗಳ ಮರಿ ಕೈ ಕಚ್ಚೋದು ಯಜಮಾನಿಕೆಗಲ್ಲ, ಆಟಕ್ಕೆ. ಕಚ್ಚಿದ ಕೂಡಲೇ ಆಟ ನಿಲ್ಲಿಸಿ, ಎದ್ದು ನಿಂತು ಅರ್ಧ ನಿಮಿಷ ಮುಖ ತಿರುಗಿಸಿ, ಆಮೇಲೆ ಕಡಿಯೋಕೆ ಹಗ್ಗದ ಆಟಿಕೆ ಕೊಡಿ. ಮನೆಯವರೆಲ್ಲ ಹೀಗೇ ಮಾಡಿದರೆ ವಾರಗಳಲ್ಲಿ ಹಲ್ಲಿನ ಬಿಗಿ ಕಡಿಮೆಯಾಗುತ್ತೆ. ಇವನು ಮಾಡಿದ್ದು ಬಾಯಿ ಒತ್ತಿ ಹಿಡಿದು ತುಟಿ ಹಲ್ಲಿಗೆ ಚುಚ್ಚೋ ಹಾಗೆ ಹಿಂಡೋದು. ಅದರ ಫಲ, ಯಾರು ತಲೆ ಸವರೋಕೆ ಕೈ ಎತ್ತಿದರೂ ಮರಿ ಕುಗ್ಗಿ ಹಿಂದೆ ಸರಿಯೋದು. ಕೈಗೆ ಹೆದರೋ ನಾಯಿಯೇ ಮುಂದೆ ನಿಜವಾಗಿ ಕಚ್ಚೋದು.

ಉಚ್ಚೆ ವಿಷಯದಲ್ಲೂ ಹಾಗೇ. ಅವನ ಬೈಕ್ ಸದ್ದು ಕೇಳಿದರೆ ಮರಿ ನಿಂತಲ್ಲೇ ಉಚ್ಚೆ ಮಾಡಿಕೊಳ್ತಿತ್ತು. ಅದು ಭಯ. ಅವನು ಹೇಳಿದ್ದು "ಹಠ", ಅದಕ್ಕೆ "ಪಾಟಿ ಟ್ರೈನಿಂಗ್ ಬೇರೆ ಪ್ಯಾಕೇಜ್, ₹3,000". ಅವನ ವಿದ್ಯೆ ಏನಪ್ಪಾ ಅಂದರೆ ಮೂಗನ್ನ ಉಚ್ಚೆಗೆ ಒತ್ತಿ ಪೇಪರ್ ಸುತ್ತಿ ಹೊಡೆಯೋದು. ಹೊಡೆದರೆ ಮರಿಗೆ ಅರ್ಥ ಆಗೋದು ಒಂದೇ: ಮನುಷ್ಯರ ಎದುರು ಮಾಡಬಾರದು. ಆಮೇಲೆ ಸೋಫಾ ಹಿಂದೆ, ದಿವಾನದ ಕೆಳಗೆ ಹೋಗಿ ಮಾಡುತ್ತೆ, ವಾಸನೆ ಬಂದಾಗಲೇ ಗೊತ್ತಾಗೋದು.

ಇದಕ್ಕೆ ಯಾರಿಗೂ ದುಡ್ಡು ಕೊಡೋ ಅಗತ್ಯ ಇಲ್ಲ. ನಿದ್ದೆಯಿಂದ ಎದ್ದ ಕೂಡಲೇ, ಊಟ ಆಗಿ 10-15 ನಿಮಿಷಕ್ಕೆ, ಆಟ ಮುಗಿದ ಮೇಲೆ, ಮಲಗೋ ಮುಂಚೆ, ಅದಲ್ಲದೆ ಎಚ್ಚರ ಇರೋವಾಗ ಎರಡು ಗಂಟೆಗೊಮ್ಮೆ, ಒಂದೇ ಜಾಗಕ್ಕೆ ಕರ್ಕೊಂಡು ಹೋಗಿ. ಲಸಿಕೆ ಮುಗಿಯೋವರೆಗೆ ಬಾಲ್ಕನಿಯಲ್ಲಿ ಟ್ರೇ ಸಾಕು. ಮಾಡಿ ಮುಗಿಸಿದ ಕ್ಷಣದಲ್ಲೇ, ಅಲ್ಲೇ ನಿಂತು, ಅಲಸಂದೆ ಕಾಳಿನಷ್ಟು ಬೇಯಿಸಿದ ಚಿಕನ್ ಕೊಡಿ. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಕೊಟ್ಟರು ಅಂದುಕೊಳ್ಳುತ್ತೆ. ಒಳಗೆ ತಪ್ಪಿ ಮಾಡಿದರೆ ಸದ್ದಿಲ್ಲದೆ ಒರೆಸಿ, ಎನ್ಜೈಮ್ ಇರೋ ಕ್ಲೀನರ್ ಹಾಕಿ. ಬರೀ ಫಿನಾಯಿಲ್ ಹಾಕಿದರೆ ನಮಗೆ ವಾಸನೆ ಹೋಗುತ್ತೆ, ಅದಕ್ಕೆ ಹೋಗಲ್ಲ, ಮತ್ತೆ ಅಲ್ಲೇ ಬರುತ್ತೆ.

ಸಿಟ್ ಹೇಳಿಕೊಡೋಕೆ ₹12,000! ಅದೇ ಚಿಕನ್ ತುಂಡನ್ನ ಮೂಗಿನ ಹತ್ತಿರ ಹಿಡಿದು ನಿಧಾನಕ್ಕೆ ತಲೆಯ ಮೇಲೆ ಹಿಂದಕ್ಕೆ ಒಯ್ಯಿರಿ. ತಲೆ ಮೇಲೇಳುತ್ತೆ, ಕುಂಡಿ ತಾನಾಗಿ ನೆಲಕ್ಕೆ ತಾಗುತ್ತೆ, ಆ ಗಳಿಗೆಯಲ್ಲೇ ಕೊಡಿ. ಸೊಂಟ ಅದುಮಿ ಕೂರಿಸಬೇಡಿ. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಮೂರು ಸಲ ಸಾಕು. ಹಿಂಗಾಲಲ್ಲಿ ನಿಲ್ಲಿಸಿ "ಸಲ್ಯೂಟ್" ಮಾಡಿಸೋದನ್ನ ಕಲಿಸ್ತೀನಿ ಅಂದರೆ ಬೇಡ ಅನ್ನಿ. ದೊಡ್ಡ ತಳಿಯ ನಾಯಿಗಳ ಮೂಳೆ ತುದಿ ಗಟ್ಟಿಯಾಗೋಕೆ ವರ್ಷ, ಒಂದೂವರೆ ವರ್ಷ ಬೇಕು. "ಬೆಳಗ್ಗೆ ಊಟ ಹಾಕಬೇಡಿ, ಹಸಿದಿದ್ದರೆ ಚೆನ್ನಾಗಿ ಕಲಿಯುತ್ತೆ" ಅಂತಲೂ ಹೇಳ್ತಾರೆ. ಸಣ್ಣ ಮರಿಗೆ ಹೊಟ್ಟೆ ಖಾಲಿ ಬಿಟ್ಟರೆ ರಕ್ತದ ಸಕ್ಕರೆ ಇಳಿದು ನಡುಗಿ ಬೀಳಬಹುದು, ಪುಟ್ಟ ತಳಿಗಳಲ್ಲಂತೂ ಇನ್ನೂ ಬೇಗ. ಆರು ತಿಂಗಳವರೆಗೆ ದಿನಕ್ಕೆ ಮೂರು ಊಟ ತಪ್ಪಿಸಬೇಡಿ, ಟ್ರೀಟ್ ಕೊಟ್ಟಷ್ಟನ್ನ ಆ ಊಟದಲ್ಲಿ ಕಡಿಮೆ ಮಾಡಿ.

ಅಡ್ವಾನ್ಸ್ ವಾಪಸ್ ಕೇಳಿದ್ದಕ್ಕೆ ಕೊನೆಯ ಮೆಸೇಜ್ ಇದು: "ನಾನ್ ರಿಫಂಡಬಲ್. ನೀವು ಮುದ್ದು ಮಾಡಿ ಮರಿ ಹಾಳು ಮಾಡಿದ್ದೀರ, ನಂದೇನು ತಪ್ಪು?" ಆಮೇಲೆ ಬ್ಲಾಕ್.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಸೆಕ್ಷನ್ 11ರಲ್ಲಿ ಪ್ರಾಣಿಗೆ ಹೊಡೆದು ಅನಗತ್ಯ ನೋವು ಕೊಡೋದು ಅಪರಾಧವೇ, ಆದರೆ ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಆ ದಂಡಕ್ಕೆ ಇವರು ಹೆದರ್ತಾರಾ? ದುಡ್ಡಿನ ವಿಷಯಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಅದಕ್ಕೆ ಬೇಕಾಗೋದು ಯುಪಿಐ ರಸೀದಿ, ಪೂರ್ತಿ ವಾಟ್ಸಾಪ್ ಚಾಟ್, ಗಾಯದ ಫೋಟೋ, ಪಶುವೈದ್ಯರು ಬರೆದುಕೊಟ್ಟ ಚೀಟಿ. ಬ್ಲಾಕ್ ಮಾಡಿದ ಅಂತ ಸಿಟ್ಟಲ್ಲಿ ಚಾಟ್ ಡಿಲೀಟ್ ಮಾಡಬೇಡಿ.