ದಿನ ತುಂಬದ ಕೂಸಿಗೆ ಮನೆಯಲ್ಲೊಂದು ತೂಕದ ಯಂತ್ರ: ಪೆಟ್ಟಿಗೆ ಹೇಳುವುದು, ಹೇಳದೆ ಬಿಡುವುದು

ಮಕ್ಕಳ ಡಿಜಿಟಲ್ ತೂಕದ ಯಂತ್ರದ ಪೆಟ್ಟಿಗೆಯ ಮೇಲೆ ‘5 ಗ್ರಾಂ’ ಎಂದು ದೊಡ್ಡದಾಗಿ ಅಚ್ಚಾಗಿರುತ್ತದೆ. ಪರದೆಯ ಮೇಲಿನ ಅಂಕಿ ಐದೈದು ಗ್ರಾಂ ಲೆಕ್ಕದಲ್ಲಿ ಬದಲಾಗುತ್ತದೆ ಎಂದಷ್ಟೇ ಅದರ ಅರ್ಥ. ತೋರಿಸಿದ ತೂಕ ನಿಜವಾದ ತೂಕದಿಂದ ಎಷ್ಟು ದೂರವಿದ್ದೀತು ಎಂಬುದು ಬೇರೆಯೇ ಮಾತು. ಅದು ಕೈಪಿಡಿಯ ಒಳಪುಟದಲ್ಲೆಲ್ಲೋ ಸಣ್ಣಕ್ಷರದಲ್ಲಿ ಇರುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ. ಎಂಟು ಕಿಲೋ ಮಗುವಿಗೆ ಇದರಿಂದ ಏನೂ ತೊಂದರೆಯಿಲ್ಲ. 1,800 ಗ್ರಾಂ ತೂಗುವಾಗ ಆಸ್ಪತ್ರೆಯಿಂದ ಮನೆಗೆ ಬಂದ ಕೂಸು ದಿನಕ್ಕೆ ಏರಬೇಕಾದ್ದೇ 20ರಿಂದ 30 ಗ್ರಾಂ. ಅಲ್ಲಿ ಯಂತ್ರದ ತಪ್ಪೇ ಒಂದು ದಿನದ ಬೆಳವಣಿಗೆಯನ್ನು ನುಂಗಿಹಾಕುತ್ತದೆ.

37 ವಾರ ತುಂಬುವ ಮೊದಲೇ ಹುಟ್ಟಿದ ಅಥವಾ ಹುಟ್ಟುವಾಗ 2,500 ಗ್ರಾಂಗಿಂತ ಕಡಿಮೆ ತೂಗಿದ ಮಗುವಿಗೆ ಇಂಥ ಯಂತ್ರ ಕೊಳ್ಳಬೇಕೇ, ಕೊಂಡರೆ ಎಂಥದ್ದು ಎಂಬುದನ್ನಷ್ಟೇ ಇಲ್ಲಿ ನೋಡೋಣ.

ಮೊದಲು ಬೇಡವಾದವು. ದೊಡ್ಡವರ ತೂಕದ ಯಂತ್ರದ ಮೇಲೆ ಮಗುವನ್ನೆತ್ತಿಕೊಂಡು ನಿಂತು, ಆಮೇಲೆ ಒಬ್ಬರೇ ನಿಂತು ಕಳೆಯುವ ಲೆಕ್ಕ ಈ ವಯಸ್ಸಿಗೆ ನಿಷ್ಪ್ರಯೋಜಕ. ಅದು ಸಾಮಾನ್ಯವಾಗಿ 50 ಅಥವಾ 100 ಗ್ರಾಂ ಹೆಜ್ಜೆಯಲ್ಲಿ ತೋರಿಸುತ್ತದೆ. ಎರಡು ಸಲ ತೂಗಿದಾಗ ತಪ್ಪೂ ಎರಡು ಪಾಲು. ಜೋಲಿ ಕಟ್ಟಿ ತೂಗುಹಾಕುವ, 100 ಗ್ರಾಂ ಗೆರೆಗಳಿರುವ ಸ್ಪ್ರಿಂಗ್ ತಕ್ಕಡಿ ದೊಡ್ಡ ಮಕ್ಕಳ ತಪಾಸಣೆಗೆ ಸರಿ, ಇದಕ್ಕಲ್ಲ. ಉಳಿಯುವುದು ತಟ್ಟೆಯಿರುವ ಡಿಜಿಟಲ್ ಯಂತ್ರ. ಅದರಲ್ಲೂ ‘10 ಕಿಲೋವರೆಗೆ 5 ಗ್ರಾಂ, ಅಲ್ಲಿಂದ ಮೇಲೆ 10 ಗ್ರಾಂ’ ಎಂಬ ಬಗೆ ಸಾಕು. ಹಾಲೂಡುವ ಮೊದಲು ಮತ್ತು ನಂತರ ತೂಗಿ ಎಷ್ಟು ಹಾಲು ಒಳಗೆ ಹೋಯಿತೆಂದು ಅಳೆಯಲು ವೈದ್ಯರು ಹೇಳಿದ್ದರೆ ಮಾತ್ರ 2 ಗ್ರಾಂ ಯಂತ್ರ ಬೇಕು. ಕೊಳ್ಳುವುದಕ್ಕಿಂತ ಅದನ್ನು ಬಾಡಿಗೆಗೆ ತರುವುದು ಮೇಲು, ಏಕೆಂದರೆ ಅದರ ಕೆಲಸ ಕೆಲವೇ ವಾರಗಳದ್ದು. ತಟ್ಟೆ ಕಳಚಿದರೆ ನಡೆಯುವ ಮಗುವಿಗೂ ಆಗುತ್ತದೆ ಎನ್ನುವ ಜೋಡಿ ಮಾದರಿಗಳಲ್ಲಿ ತಟ್ಟೆ ಕೂರುವ ಕೊಂಡಿ ಸಡಿಲವಿದ್ದರೆ ಅಂಕಿ ಓಲಾಡುತ್ತದೆ. ಅಂಗಡಿಯಲ್ಲೇ ತಟ್ಟೆಯನ್ನು ಅಲುಗಾಡಿಸಿ ನೋಡಿ.

ತಂದ ದಿನವೇ ಪರೀಕ್ಷೆ ಮಾಡಿ. ಅರ್ಧ ಗಂಟೆಯ ಕೆಲಸ. ಗಟ್ಟಿ ನೆಲದ ಮೇಲೆ ಯಂತ್ರವಿಟ್ಟು, ಮುಚ್ಚಳ ಬಿಗಿದ ಎರಡು ಲೀಟರಿನ ನೀರಿನ ಬಾಟಲಿಯನ್ನು ತಟ್ಟೆಯ ನಡುವೆ ಹತ್ತು ಸಲ ಇಟ್ಟು ತೆಗೆಯಿರಿ, ಪ್ರತಿಸಲ ಸೊನ್ನೆ ಬರುವವರೆಗೆ ಕಾದು. ಹತ್ತೂ ಅಂಕಿಗಳು 10 ಗ್ರಾಂ ಅಂತರದೊಳಗೆ ಇರಬೇಕು. ಆಮೇಲೆ ಅದೇ ಬಾಟಲಿಯನ್ನು ತಲೆಯ ಕಡೆಗೆ, ಕಾಲಿನ ಕಡೆಗೆ, ಎರಡು ಪಕ್ಕಕ್ಕೆ ಸರಿಸಿ ತೂಗಿ. ಇಂಥ ಯಂತ್ರಗಳ ಮೂಲೆಗಳಲ್ಲಿ ಭಾರ ಗ್ರಹಿಸುವ ಲೋಡ್ ಸೆಲ್‌ಗಳಿರುತ್ತವೆ. ಒಂದು ಹೊಂದಿಕೆ ತಪ್ಪಿದ್ದರೂ ಮಗು ಒಂದು ಬದಿಗೆ ಹೊರಳಿದಾಗ ತೂಕ ಬದಲಾಗುತ್ತದೆ. ಜಾಗ ಬದಲಿಸಿದಾಗ 20 ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬಂದರೆ ವಾಪಸು ಕೊಡಿ.

ಇನ್ನೊಂದು ಪರೀಕ್ಷೆ ಬಹಳ ಜನ ಮಾಡುವುದಿಲ್ಲ. ಕೆಲವು ಯಂತ್ರಗಳು ಹಿಂದಿನ ತೂಕವನ್ನು ನೆನಪಿಟ್ಟುಕೊಂಡು, ಹೊಸ ತೂಕ ಅದರ ಆಸುಪಾಸಿನಲ್ಲಿದ್ದರೆ ಹಳೆಯ ಅಂಕಿಯನ್ನೇ ಮತ್ತೆ ತೋರಿಸುತ್ತವೆ. ನೋಡುವವರಿಗೆ ಅದು ಭಾರಿ ನಿಖರ ಎನ್ನಿಸುತ್ತದೆ! ಬಾಟಲಿ ತೂಗಿ, ಕೆಳಗಿಳಿಸಿ, 30 ಮಿ.ಲೀ. ನೀರು ಚೆಲ್ಲಿ ಮತ್ತೆ ಇಡಿ. 30 ಗ್ರಾಂ ಕಡಿಮೆ ಬರಬೇಕು. ಬರಲಿಲ್ಲವೆಂದರೆ ಹತ್ತು ಸಲ ಒಂದೇ ಅಂಕಿ ಬಂದದ್ದಕ್ಕೂ ಬೆಲೆಯಿಲ್ಲ.

ಯಂತ್ರದ ಅಂಕಿ ಸ್ಥಿರವಾಗಿದೆ ಎಂದ ಮಾತ್ರಕ್ಕೆ ಸರಿಯಾಗಿದೆ ಎಂದಾಗದು. ಭೂಮಿಯ ಗುರುತ್ವ ಸಮಭಾಜಕದಿಂದ ಧ್ರುವಕ್ಕೆ ಸುಮಾರು 0.5% ಹೆಚ್ಚುತ್ತದೆ. ಎಲ್ಲೋ ದೂರದಲ್ಲಿ ಹೊಂದಿಸಿ ಕಳಿಸಿದ ಯಂತ್ರ ಈ ಕಾರಣಕ್ಕೇ 3 ಕಿಲೋಗೆ ಹೆಚ್ಚೆಂದರೆ ಸುಮಾರು 15 ಗ್ರಾಂ ಆಚೀಚೆ ಆಗಬಹುದು. ಇದಕ್ಕೆ ಹೆದರಬೇಕಿಲ್ಲ. ತಪಾಸಣೆಗೆ ಹೋದ ದಿನ ಅಲ್ಲಿನ ತೂಕ ಬರೆದುಕೊಂಡು, ಮನೆಗೆ ಬಂದು ಹಾಲು ಕೊಡುವ ಮೊದಲೇ ತೂಗಿದರೆ ಎರಡರ ನಡುವಿನ ಅಂತರ ತಿಳಿಯುತ್ತದೆ. ಎರಡು ಮೂರು ಭೇಟಿಗಳಲ್ಲಿ ಅಂತರ ಒಂದೇ ತೆರನಾಗಿದ್ದರೆ ಯಂತ್ರ ನಂಬಿಕಸ್ಥ. ಆದರೆ ಅಲ್ಲಿಯ ಒಂದು ಅಂಕಿ, ಮನೆಯ ಒಂದು ಅಂಕಿ ಸೇರಿಸಿ ಏರಿಕೆಯ ಲೆಕ್ಕ ಮಾತ್ರ ಹಾಕಬೇಡಿ.

ಬಳಕೆಯಲ್ಲಿ ಕೆಡುವುದು ಬಹುಪಾಲು ಯಂತ್ರವಲ್ಲ, ತೂಗುವ ಕ್ರಮ. ಹಾಸಿಗೆ, ಕಂಬಳಿ, ಚಾಪೆಯ ಮೇಲಿಟ್ಟರೆ ಪಾದಗಳು ಹೂತು ಅಂಕಿ ತಪ್ಪುತ್ತದೆ. ಫ್ಯಾನ್ ಗಾಳಿ ಅಗಲ ತಟ್ಟೆಯನ್ನು ಒತ್ತುತ್ತದೆ. ಮೊದಲೇ ಬೆಚ್ಚಗೆ ಮಾಡಿದ ತೆಳು ಬಟ್ಟೆ ಹಾಸಿ, ಟೇರ್ ಗುಂಡಿ ಒತ್ತಿ ಸೊನ್ನೆ ಮಾಡಿ, ಆಮೇಲೆ ಬತ್ತಲೆ ಮಗುವನ್ನು ಮಲಗಿಸಿ. ಡೈಪರ್ ಬಿಚ್ಚಲೇಬೇಕು, ಒದ್ದೆಯಾದ ಡೈಪರ್ ಎರಡು ಮೂರು ದಿನದ ಬೆಳವಣಿಗೆಯಷ್ಟು ಭಾರವಿರುತ್ತದೆ. 40 ಮಿ.ಲೀ. ಹಾಲು ಎಂದರೆ ಹೊಟ್ಟೆಯೊಳಗೆ 40 ಗ್ರಾಂ, ಆದ್ದರಿಂದ ಪ್ರತಿಸಲವೂ ಹಾಲಿಗೆ ಮುಂಚೆ, ದಿನದ ಅದೇ ಹೊತ್ತಿಗೆ ತೂಗಬೇಕು. ಮನೆಯಲ್ಲೂ ಆಮ್ಲಜನಕ ಬೇಕಿರುವ ಮಗುವಾದರೆ ಕೊಳವೆಯನ್ನು ಯಾರಾದರೂ ಸಡಿಲವಾಗಿ ಎತ್ತಿ ಹಿಡಿದಿರಬೇಕು. ಎಳೆದರೂ ಜೋತುಬಿದ್ದರೂ ಅಂಕಿ ಬದಲಾಗುತ್ತದೆ. ಇಡೀ ಕೆಲಸ ಒಂದೆರಡು ನಿಮಿಷದೊಳಗೆ ಮುಗಿಯಲಿ, ಇಷ್ಟು ಸಣ್ಣ ಮೈ ಬೇಗ ತಣ್ಣಗಾಗುತ್ತದೆ. ಕೈ ಪೂರ್ತಿ ತೆಗೆಯದೆ ಮಗುವಿನ ಮೇಲೆ ಒಂದಂಗುಲ ಎತ್ತರದಲ್ಲಿ ಹಿಡಿದಿರಿ.

ಕಿಲೋ ಮತ್ತು ಪೌಂಡ್ ಬದಲಿಸುವ ಗುಂಡಿ ಯಂತ್ರದ ಅಡಿಯಲ್ಲಿದ್ದರೆ ಒಳ್ಳೆಯದು. ಮುಂದುಗಡೆ, ಟೇರ್ ಗುಂಡಿಯ ಪಕ್ಕದಲ್ಲೇ ಇದ್ದರೆ ಎಂದೋ ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ಒತ್ತಿಹೋಗುತ್ತದೆ. ‘ಹೋಲ್ಡ್’ ಸೌಲಭ್ಯ ಬೇಕೇ ಬೇಕು: ಕೈಕಾಲು ಬಡಿಯುವ ಮಗುವಿನ ತೂಕವನ್ನು ಕೆಲವು ಸೆಕೆಂಡು ಸರಾಸರಿ ತೆಗೆದು ಅಂಕಿಯನ್ನು ನಿಲ್ಲಿಸುವುದು ಅದೇ. ಸಂಗೀತ, ಬಣ್ಣದ ದೀಪ ಇವಕ್ಕೆಲ್ಲ ಹಣ ಸುರಿಯಬೇಕಿಲ್ಲ.

ತಟ್ಟೆಯ ಮೇಲೆ ಅಚ್ಚಾದ ಅಳತೆಪಟ್ಟಿಗೂ ಬೆಲೆಯಿಲ್ಲ. ಉದ್ದ ಅಳೆಯಲು ತಲೆಗೊಂದು ಗಟ್ಟಿ ಹಲಗೆ, ಪಾದಕ್ಕೊಂದು ಸರಿಯುವ ಹಲಗೆ, ಇಬ್ಬರು ಜನ ಬೇಕು. ಬಾಗಿದ ತಟ್ಟೆಯಲ್ಲಿ, ಮಡಿಸಿದ ಮಂಡಿಯಲ್ಲಿ ಬರುವ ಅಂಕಿ ಒಂದೆರಡು ಸೆಂ.ಮೀ. ತಪ್ಪಿರುತ್ತದೆ, ಈ ಮಕ್ಕಳು ಚೆನ್ನಾಗಿ ಬೆಳೆಯುವಾಗಲೂ ವಾರಕ್ಕೆ ಏರುವುದು ಸುಮಾರು 1 ಸೆಂ.ಮೀ. ತಲೆಯ ಸುತ್ತಳತೆ ಮಾತ್ರ ಮನೆಯಲ್ಲೇ ಸಾಧ್ಯ. ಹಿಗ್ಗದ ಟೇಪನ್ನು ಹುಬ್ಬಿನ ಮೇಲಿಂದ, ಹಿಂಭಾಗದಲ್ಲಿ ಅತಿ ಉಬ್ಬಿದ ಜಾಗದ ಮೇಲೆ ಹಾಯಿಸಿ, ಮೂರು ಸಲ ಅಳೆದು ಅತಿ ದೊಡ್ಡದನ್ನು ಬರೆಯಿರಿ. ಅದು ಏರದೆ ನಿಂತರೂ ವಾರಕ್ಕೆ 1 ಸೆಂ.ಮೀ.ಗಿಂತ ಹೆಚ್ಚಿಗೆ ಓಡತೊಡಗಿದರೂ ವೈದ್ಯರಿಗೆ ತಿಳಿಸಿ.

ಅತಿ ಹೆಚ್ಚು ದಿಗಿಲು ಹುಟ್ಟಿಸುವುದು ಯಂತ್ರದ ಜೊತೆ ಬರುವ ಆ್ಯಪ್. ಎಷ್ಟೋ ಆ್ಯಪ್‌ಗಳು ಹುಟ್ಟಿದ ದಿನಾಂಕ ಕೇಳುತ್ತವೆ, ಎಷ್ಟನೇ ವಾರಕ್ಕೆ ಹುಟ್ಟಿತೆಂದು ಕೇಳುವುದಿಲ್ಲ. 30ನೇ ವಾರಕ್ಕೆ ಹುಟ್ಟಿ ಈಗ 16 ವಾರವಾದ ಮಗು ಎಂದಿಟ್ಟುಕೊಳ್ಳಿ. ದಿನ ತುಂಬುವ 40 ವಾರಕ್ಕೆ 10 ವಾರ ಕಡಿಮೆ. ಅದನ್ನು ಕಳೆದರೆ ಸರಿಪಡಿಸಿದ ವಯಸ್ಸು 6 ವಾರ. 4.5 ಕಿಲೋ ತೂಗುವ ಈ ಮಗು ಬೆಳವಣಿಗೆಯ ನಕ್ಷೆಯಲ್ಲಿ 16 ವಾರದ ಸಾಲಿನಲ್ಲಿ ಎಲ್ಲ ಗೆರೆಗಳಿಗಿಂತ ಕೆಳಗೆ ಬೀಳುತ್ತದೆ, 6 ವಾರದ ಸಾಲಿನಲ್ಲಿ ಗೆರೆಗಳ ನಡುವೆ ಆರಾಮಾಗಿ ಕೂರುತ್ತದೆ. ಆ್ಯಪ್ ಕೆಂಪು ಬಣ್ಣ ತೋರಿಸಿತೆಂದು ಹಾಲಿನ ಪುಡಿಯನ್ನು ಗಟ್ಟಿಯಾಗಿ ಕಲಸಿ ಕೊಡುವವರಿದ್ದಾರೆ, ಅದು ಅಪಾಯ. ಎರಡು ವರ್ಷದವರೆಗೂ ತೂಕ, ಉದ್ದ, ತಲೆ ಎಲ್ಲವನ್ನೂ ಸರಿಪಡಿಸಿದ ವಯಸ್ಸಿಗೇ ಹಚ್ಚಬೇಕು. ಕುತ್ತಿಗೆ ನಿಲ್ಲುವುದು, ಕೂರುವುದು ಇವುಗಳ ಲೆಕ್ಕವೂ ಹಾಗೆಯೇ.

ನಕ್ಷೆ ಯಾವುದು ಎಂಬುದನ್ನೂ ನೋಡಿ. 2013ರ ಫೆಂಟನ್ ನಕ್ಷೆ 22ರಿಂದ 50ನೇ ವಾರದವರೆಗಿನದು, ವಾರಗಳನ್ನು ತಾಯಿಯ ಕೊನೆಯ ಮುಟ್ಟಿನಿಂದ ಎಣಿಸುತ್ತದೆ, ಹೆಣ್ಣು ಗಂಡಿಗೆ ಬೇರೆ ಬೇರೆ. ಇಂಟರ್‌ಗ್ರೋತ್-21ರ ಅವಧಿಪೂರ್ವ ಶಿಶುಗಳ ನಕ್ಷೆ 64ನೇ ವಾರದವರೆಗೆ, ಅಂದರೆ ಸರಿಪಡಿಸಿದ ಆರು ತಿಂಗಳವರೆಗೆ ಹೋಗುತ್ತದೆ. ಅಲ್ಲಿಂದಾಚೆಗೆ 2006ರ ವಿಶ್ವ ಆರೋಗ್ಯ ಸಂಸ್ಥೆಯ ನಕ್ಷೆ. ಆ್ಯಪ್‌ನಲ್ಲಿ ಇವ್ಯಾವುವೂ ಇಲ್ಲದಿದ್ದರೆ ಅದನ್ನು ಅಳಿಸಿ. ವೈದ್ಯರ ಫೈಲಿನಲ್ಲಿರುವ ನಕ್ಷೆಯ ಪ್ರತಿ ತೆಗೆಸಿಕೊಂಡು ಪೆನ್ಸಿಲ್‌ನಲ್ಲಿ ಚುಕ್ಕಿ ಇಡುವುದೇ ವಾಸಿ.

ಎಷ್ಟು ದಿನಕ್ಕೊಮ್ಮೆ ತೂಗಬೇಕು? ವಾರಕ್ಕೊಂದು ಸಲ, ವೈದ್ಯರು ಹೇಳಿದ್ದರೆ ಎರಡು ಸಲ. ಒಂದು ದಿನದ 25 ಗ್ರಾಂ ಏರಿಕೆ ಹಾಲು, ಮೂತ್ರ, ಮಲ, ಯಂತ್ರದ ತಪ್ಪು ಇವುಗಳ ನಡುವೆ ಕಳೆದುಹೋಗುತ್ತದೆ. ಏಳು ದಿನದ 175 ಗ್ರಾಂ ಕಳೆದುಹೋಗುವುದಿಲ್ಲ. ಲೆಕ್ಕ ಹೀಗೆ: ಹೋದ ವಾರ 2,100, ಈ ವಾರ 2,310. ವ್ಯತ್ಯಾಸ 210, ಏಳರಿಂದ ಭಾಗಿಸಿದರೆ ದಿನಕ್ಕೆ 30 ಗ್ರಾಂ. ವೈದ್ಯರು ಕಿಲೋಗೆ ಇಷ್ಟು ಎಂದು ಕೇಳಿದರೆ ಎರಡೂ ತೂಕಗಳ ಸರಾಸರಿ 2.205ರಿಂದ ಮತ್ತೆ ಭಾಗಿಸಿ, 13.6 ಬರುತ್ತದೆ. ವಾರದ ಲೆಕ್ಕ ದಿನಕ್ಕೆ 15 ಗ್ರಾಂಗಿಂತ ಕೆಳಗಿದ್ದರೆ ಮುಂದಿನ ವಾರದವರೆಗೆ ಕಾಯದೆ ಫೋನ್ ಮಾಡಿ. ಒಂದೆರಡು ದಿನದಲ್ಲಿ 100-150 ಗ್ರಾಂ ಧುತ್ತೆಂದು ಏರಿ ಕಣ್ಣು, ಪಾದ ಊದಿಕೊಂಡಿದ್ದರೆ ಅದು ಬೆಳವಣಿಗೆಯಲ್ಲ, ನೀರು ನಿಂತಿರಬಹುದು. ಶ್ವಾಸಕೋಶದ ತೊಂದರೆ ಇದ್ದ ಮಕ್ಕಳಲ್ಲಂತೂ ತಡಮಾಡಬಾರದು. ಹಾಲು ಕುಡಿಯುವಾಗ ಬೆವರುವುದು, ತುಟಿ ನೀಲಿಯಾಗುವುದು, ಎಬ್ಬಿಸಿದರೂ ಕುಡಿಯದಿರುವುದು ಇವಕ್ಕೆ ತೂಕ ನೋಡುತ್ತ ಕೂರದೆ ಹೊರಡಿ.

ತೂಕ ಚೆನ್ನಾಗಿ ಏರುತ್ತಿದೆಯೆಂದು ಕಣ್ಣಿನ ರೆಟಿನಾ ತಪಾಸಣೆ, ಕಿವಿಯ ಪರೀಕ್ಷೆ ತಪ್ಪಿಸುವವರೂ ಉಂಟು. ಯಂತ್ರಕ್ಕೆ ಅವೆರಡೂ ಕಾಣುವುದಿಲ್ಲ.

34 ವಾರ ದಾಟಿ ಹುಟ್ಟಿ, ಹಾಲು ಚೆನ್ನಾಗಿ ಕುಡಿಯುತ್ತ, ದಿನಕ್ಕೆ ಆರೆಂಟು ಸಲ ಒದ್ದೆ ಮಾಡುತ್ತ, ವಾರ ವಾರ ತಪಾಸಣೆಗೆ ಹೋಗುವ ಮಗುವಿಗೆ ಈ ಖರ್ಚು ಬೇಡ. 1,500 ಗ್ರಾಂಗಿಂತ ಕಡಿಮೆಯಲ್ಲಿ ಹುಟ್ಟಿದ, ನಳಿಕೆಯಲ್ಲಿ ಹಾಲು ಪಡೆಯುತ್ತಿರುವ ಅಥವಾ ಆಸ್ಪತ್ರೆ ದೂರವಿರುವ ಮಗುವಿಗೆ 5 ಗ್ರಾಂನ, ಹೋಲ್ಡ್ ಇರುವ, ಬಾಟಲಿ ಪರೀಕ್ಷೆ ಗೆದ್ದ ಸಾದಾ ಯಂತ್ರ ತನ್ನ ಬೆಲೆಯನ್ನು ದುಡಿದುಕೊಡುತ್ತದೆ. ಬ್ಯಾಟರಿ ಸೋತಾಗ ಕೆಲವು ಯಂತ್ರಗಳು ಆರಿಹೋಗುವ ಬದಲು ತಪ್ಪು ಅಂಕಿ ತೋರಿಸತೊಡಗುತ್ತವೆ. ಪರದೆ ಮಂಕಾದ ಕೂಡಲೇ ಎಲ್ಲ ಬ್ಯಾಟರಿಗಳನ್ನೂ ಒಟ್ಟಿಗೆ ಬದಲಿಸಿ, ಬಾಟಲಿಯನ್ನು ಇನ್ನೊಮ್ಮೆ ತೂಗಿ ನೋಡಿ.