ಕರ್ಕ್ಯುಮಿನ್ ಕ್ಯಾಪ್ಸೂಲ್: ಲೇಬಲ್‌ನ ಮುಂಬದಿ, ಹಿಂಬದಿ

ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮತ್ತು ಕಿಮೊಥೆರಪಿ ಮುಗಿಸಿ, ಈಗ ಕ್ಯಾನ್ಸರ್ ಮರುಕಳಿಸದಂತೆ ದಿನಕ್ಕೊಂದು ಟ್ಯಾಮಾಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುತ್ತಿರುವ ನನ್ನ ಅಕ್ಕನಿಗೆ ಹಿತೈಷಿಯೊಬ್ಬರು ಆನ್‌ಲೈನ್‌ನಲ್ಲಿ ತರಿಸಿಕೊಟ್ಟ, ಅರಿಶಿನ ಮತ್ತು ಕರಿಮೆಣಸಿನ ಸಾರವಿರುವ ಕ್ಯಾಪ್ಸೂಲ್‌ಗಳ ವಿಮರ್ಶೆ ಇದು. ತಯಾರಕರ ಹೆಸರನ್ನು ಬೇಕೆಂದೇ ಬರೆದಿಲ್ಲ; ಇದೇ ಮಿಶ್ರಣ ಹತ್ತಾರು ಹೆಸರುಗಳಲ್ಲಿ ಮಾರಾಟವಾಗುತ್ತಿದೆ.

ಪ್ಯಾಕಿಂಗ್ ಬಗ್ಗೆ ದೂರಿಲ್ಲ. ಸೀಲ್ ಭದ್ರವಾಗಿತ್ತು, ದಿನಾಂಕಗಳು ಸ್ಪಷ್ಟವಾಗಿದ್ದವು. ಒಂದು ಕ್ಯಾಪ್ಸೂಲನ್ನು ಬಿಚ್ಚಿ ನೋಡಿದೆ: ಕಿತ್ತಳೆ ಬಣ್ಣದ ನುಣುಪಾದ ಪುಡಿ, ಬೆರಳಿಗೆ ಹತ್ತಿದ ಕಲೆ ಎರಡು ದಿನ ಹೋಗಲಿಲ್ಲ. ನನ್ನ ತಕರಾರಿರುವುದು ಲೇಬಲ್‌ನ ಬರಹದ ಬಗ್ಗೆ. ಮುಂಬದಿಯಲ್ಲಿ ಹಸಿರೆಲೆಯ ಚಿತ್ರದ ಕೆಳಗೆ ದೊಡ್ಡಕ್ಷರದಲ್ಲಿ ‘ಸ್ತನದ ಆರೋಗ್ಯಕ್ಕೆ, ಸಂಪೂರ್ಣ ಸಸ್ಯಜನ್ಯ, ಅಡ್ಡಪರಿಣಾಮ ಇಲ್ಲ’ ಎಂದಿದೆ. ಹಿಂಬದಿಯಲ್ಲಿ, ಭೂತಗನ್ನಡಿ ಹಿಡಿದರಷ್ಟೇ ಓದಲಾಗುವ ಅಕ್ಷರದಲ್ಲಿ, ಕರ್ಕ್ಯುಮಿನ್ ಸಾರ 500 ಮಿ.ಗ್ರಾಂ, ಪೈಪರಿನ್ 5 ಮಿ.ಗ್ರಾಂ ಎಂದಿದೆ.

ಆ 5 ಮಿಲಿಗ್ರಾಂ ಬಗ್ಗೆಯೇ ಹೆಚ್ಚು ಹೇಳಬೇಕಾಗಿದೆ. ಅರಿಶಿನದ ಕರ್ಕ್ಯುಮಿನ್ ನುಂಗಿದರೆ ರಕ್ತಕ್ಕೆ ಸೇರುವುದು ಅತ್ಯಲ್ಪ; ಕರುಳು ಮತ್ತು ಯಕೃತ್ತು ಅದನ್ನು ಬೇಗನೆ ರೂಪಾಂತರಿಸಿ ಹೊರಹಾಕುತ್ತವೆ. ಕರಿಮೆಣಸಿನ ಪೈಪರಿನ್ ಈ ಕೆಲಸಕ್ಕೆ ಅಡ್ಡಿಯಾಗುತ್ತದೆ. 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿ.ಗ್ರಾಂ ಪೈಪರಿನ್ ಕೊಟ್ಟಾಗ ಹೀರಿಕೆ 20 ಪಟ್ಟು ಹೆಚ್ಚಿತೆಂಬ 1998ರ ಅಧ್ಯಯನವನ್ನು ಮಾರಾಟಗಾರರೆಲ್ಲ ಉತ್ಸಾಹದಿಂದ ಉಲ್ಲೇಖಿಸುತ್ತಾರೆ. ಆದರೆ ಯಕೃತ್ತಿನ ಕಿಣ್ವಗಳು ಬೇರೆ ಔಷಧಿಗಳನ್ನೂ ನಿಭಾಯಿಸುತ್ತವೆ. ಟ್ಯಾಮಾಕ್ಸಿಫೆನ್ ತನ್ನ ಪೂರ್ಣ ಬಲ ತೋರುವುದೇ ಯಕೃತ್ತಿನಲ್ಲಿ ಎಂಡಾಕ್ಸಿಫೆನ್ ಆಗಿ ಬದಲಾದ ಮೇಲೆ. ನೆದರ್ಲೆಂಡ್ಸ್‌ನಲ್ಲಿ 16 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕರ್ಕ್ಯುಮಿನ್ ಮತ್ತು ಪೈಪರಿನ್ ಒಟ್ಟಿಗೆ ಕೊಟ್ಟಾಗ ರಕ್ತದಲ್ಲಿನ ಎಂಡಾಕ್ಸಿಫೆನ್ ಸುಮಾರು ಶೇ 12ರಷ್ಟು ಇಳಿಯಿತು. ಅಲ್ಲಿ ಕೊಟ್ಟ ಪ್ರಮಾಣ ಈ ಲೇಬಲ್ ಸೂಚಿಸುವುದಕ್ಕಿಂತ ಹೆಚ್ಚು, ಅಧ್ಯಯನವೂ ಚಿಕ್ಕದು, ನಿಜ. ಹಾಗೆಂದು ಎಚ್ಚರಿಕೆಯ ಒಂದು ಸಾಲನ್ನೂ ಹಾಕದಿರುವುದು ಸಣ್ಣ ಲೋಪವಲ್ಲ.

‘ಸಸ್ಯಜನ್ಯ’ ಎಂಬ ಪದಕ್ಕೆ ನನ್ನ ವಿರೋಧವಿಲ್ಲ. ಅಕ್ಕನ ಕಿಮೊಥೆರಪಿಯಲ್ಲಿ ಹನಿಹನಿಯಾಗಿ ಇಳಿದ ಪ್ಯಾಕ್ಲಿಟ್ಯಾಕ್ಸೆಲ್ ಕೂಡ ಮೂಲತಃ ಮರದ ತೊಗಟೆಯದೇ. ಅಮೆರಿಕದ ಪೆಸಿಫಿಕ್ ಯೂ ಮರದ ತೊಗಟೆಯನ್ನು ಸಸ್ಯವಿಜ್ಞಾನಿ ಆರ್ಥರ್ ಬಾರ್ಕ್ಲೇ 1962ರಲ್ಲಿ ಸಂಗ್ರಹಿಸಿದರು; ಅದರಿಂದ ಈ ರಾಸಾಯನಿಕವನ್ನು ಬೇರ್ಪಡಿಸಿದ ಮನ್ರೋ ವಾಲ್, ಮನ್ಸುಖ್ ವಾಣಿ ಮತ್ತು ಸಂಗಡಿಗರು ಅದರ ರಚನೆಯನ್ನು ಪ್ರಕಟಿಸಿದ್ದು 1971ರಲ್ಲಿ. ಅಲ್ಲಿ ಸ್ತನ ಕ್ಯಾನ್ಸರ್‌ಗೆ ಅನುಮತಿ ಸಿಕ್ಕಿದ್ದು 1994ರಲ್ಲಿ. ಜೀವಕೋಶ ವಿಭಜನೆಗೊಳ್ಳುವಾಗ ವರ್ಣತಂತುಗಳನ್ನು ಎಳೆಯುವ ಸೂಕ್ಷ್ಮನಾಳಿಕೆಗಳು ಬಿಚ್ಚಿಕೊಳ್ಳದಂತೆ ಹಿಡಿದು, ಅದು ವಿಭಜನೆಯನ್ನೇ ತಡೆಯುತ್ತದೆ. ನಿತ್ಯಪುಷ್ಪದ ಕ್ಷಾರಾಭಗಳಿಂದ ಬಂದ ವಿನೊರೆಲ್ಬಿನ್ ಎಂಬ ಕ್ಯಾನ್ಸರ್ ಔಷಧಿ ಕೂಡ ಬಳಕೆಯಲ್ಲಿದೆ. ಇನ್ನು ‘ಅಡ್ಡಪರಿಣಾಮ ಇಲ್ಲ’ ಎಂಬ ಮಾತು: ಆ ತೊಗಟೆಯ ಔಷಧಿಯಿಂದ ಅಕ್ಕನ ಕೂದಲು ಉದುರಿತು, ಬೆರಳ ತುದಿ ಮರಗಟ್ಟಿ ಎಷ್ಟೋ ದಿನ ಗುಂಡಿ ಹಾಕಿಕೊಳ್ಳಲಾಗಲಿಲ್ಲ.

ಕರ್ಕ್ಯುಮಿನ್ ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಅದು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ. ಆರ್ಮೇನಿಯಾದಲ್ಲಿ 150 ಮಹಿಳೆಯರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪ್ಯಾಕ್ಲಿಟ್ಯಾಕ್ಸೆಲ್ ಜೊತೆ ಕರ್ಕ್ಯುಮಿನ್ ಪಡೆದವರಲ್ಲಿ ಹೆಚ್ಚು ಜನರ ಗೆಡ್ಡೆ ಕುಗ್ಗಿತು. ಆದರೆ ಅಲ್ಲಿ ಅದನ್ನು ಕೊಟ್ಟದ್ದು ವೈದ್ಯರ ನಿಗಾದಲ್ಲಿ, ನೇರವಾಗಿ ರಕ್ತನಾಳಕ್ಕೆ. ನುಂಗುವ ಕ್ಯಾಪ್ಸೂಲ್ ಆ ಫಲಿತಾಂಶವನ್ನು ತನ್ನದೆಂದು ಹೇಳಿಕೊಳ್ಳುವಂತಿಲ್ಲ.

ಟ್ಯಾಮಾಕ್ಸಿಫೆನ್ ಜೊತೆ ಇದನ್ನು ತೆಗೆದುಕೊಳ್ಳಬಹುದೇ ಎಂದು ಗ್ರಾಹಕ ಸೇವಾ ವಿಭಾಗಕ್ಕೆ ಬರೆದೆ. ಸಸ್ಯಜನ್ಯವಾದ್ದರಿಂದ ಯಾವ ಔಷಧಿಯ ಜೊತೆಗೂ ತೆಗೆದುಕೊಳ್ಳಬಹುದು ಎಂಬ ಉತ್ತರ ಬಂತು. ಅಕ್ಕನ ವೈದ್ಯರು ಹಿಂಬದಿಯ ಸಣ್ಣಕ್ಷರ ಓದಿದ ಕೂಡಲೇ ನಿಲ್ಲಿಸಲು ಹೇಳಿದರು. ಐದರಲ್ಲಿ ಒಂದು ನಕ್ಷತ್ರ ಕೊಟ್ಟಿದ್ದೇನೆ, ಅದೂ ಪೈಪರಿನ್ ಪ್ರಮಾಣವನ್ನು ಮುಚ್ಚಿಡದೆ ಅಚ್ಚು ಹಾಕಿದ್ದಕ್ಕೆ.