ತೈ ಚಿ ಕಲಿಯಿರಿ, 'ಚಿ ಹೀಲಿಂಗ್'ಗೆ ಮಾತ್ರ ದುಡ್ಡು ಕಟ್ಟಬೇಡಿ

ಮೆಲ್ಲಗೆ ಮೈ ಆಡಿಸುವ ಚೀನಾದ ವ್ಯಾಯಾಮ ತೈ ಚಿ ವಯಸ್ಸಾದವರಿಗೆ ಒಳ್ಳೆಯದು ಎಂದು ಯಾರಾದರೂ ಹೇಳಿದರೆ ನಂಬಿ. ಕಲಿಸುವವರು ಕೈಯಿಂದ 'ಚಿ' ಎಂಬ ಶಕ್ತಿ ಹರಿಸಿ ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇನೆ ಎಂದರೆ ಅಲ್ಲಿಂದ ಎದ್ದು ಬನ್ನಿ. ನಮ್ಮಮ್ಮನಿಗೆ ಆದದ್ದು ಬೇರೆ ಯಾರಿಗೂ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಬೆಳಗಿನ ಕ್ಲಾಸ್ ನಡೆಯುತ್ತಿತ್ತು. ಮಂಡಿ ನೋವು ಅಂತ ಅಮ್ಮ ಸೇರಿದರು. ಶುರುವಿನಲ್ಲಿ ಚೆನ್ನಾಗಿಯೇ ಇತ್ತು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುವುದು ಕಡಿಮೆಯಾಯಿತು. ಆಮೇಲೆ ಮೇಷ್ಟ್ರು ತಮ್ಮ ಮನೆಯಲ್ಲೇ 'ಚಿ ಹೀಲಿಂಗ್' ಶುರು ಮಾಡಿದರು. ಇಡೀ ಕೋರ್ಸಿನ ದುಡ್ಡು ಮೊದಲೇ ಕಟ್ಟಬೇಕು. ಮಂಡಿಯನ್ನು ಮುಟ್ಟದೆ, ಸ್ವಲ್ಪ ಮೇಲೆ ಅಂಗೈ ಹಿಡಿದು, "ಬಿಸಿ ಗೊತ್ತಾಗ್ತಿದೆಯಾ ಅಮ್ಮ? ಅದೇ ಚಿ" ಎನ್ನುತ್ತಿದ್ದರಂತೆ.

ಬಿಸಿ ಗೊತ್ತಾಗುವುದು ಸುಳ್ಳಲ್ಲ. ಯಾರ ಅಂಗೈಯನ್ನು ಹತ್ತಿರ ಹಿಡಿದರೂ ಮೈಬಿಸಿ ತಟ್ಟುತ್ತದೆ.

ಇಷ್ಟಕ್ಕೇ ನಿಂತಿದ್ದರೆ ದುಡ್ಡು ಹೋಯಿತು ಅಂತ ಸುಮ್ಮನಾಗಬಹುದಿತ್ತು. ಆದರೆ ಆತ "ಮಾತ್ರೆ ಚಿ ಹರಿಯೋದನ್ನ ತಡೆಯುತ್ತೆ, ಮೆಲ್ಲಗೆ ಬಿಡಿ" ಅಂದುಬಿಟ್ಟ. ಅಮ್ಮ ನಮಗೆ ಹೇಳದೆ ಶುಗರ್ ಮಾತ್ರೆ ನಿಲ್ಲಿಸಿದರು. ಸುಸ್ತು ಜಾಸ್ತಿಯಾಯಿತು, ಕಾಲ್ಬೆರಳಿನ ಗಾಯ ಮಾಯಲಿಲ್ಲ. ಅದಕ್ಕೆ ಆತನ ಉತ್ತರ, "ಒಳಗಿನ ಕೊಳೆ ಹೊರಗೆ ಬರ್ತಿದೆ, ಒಳ್ಳೇ ಲಕ್ಷಣ." ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೇ. ವಾಸಿಯಾದರೆ ಚಿಯಿಂದ. ಹೆಚ್ಚಾದರೂ ಚಿಯಿಂದಲೇ. ಏನೂ ಆಗದಿದ್ದರೆ ನಿಮ್ಮ ನಂಬಿಕೆ ಸಾಲದು! ಕಡೆಗೆ ಗಾಯ ಕೀವುಗಟ್ಟಿ ಆಸ್ಪತ್ರೆ ಸೇರಬೇಕಾಯಿತು. ಬೆರಳು ಉಳಿಯಿತು. ದುಡ್ಡು ವಾಪಸ್ ಕೇಳಿದರೆ, "ಅರ್ಧಕ್ಕೆ ಬಿಟ್ಟವರು ನೀವು" ಎಂಬ ಮಾತು ಬಂತು.

ಕೈಯಿಂದ ಶಕ್ತಿ ಹರಿಯುತ್ತದೆ ಎನ್ನುವುದನ್ನು ಪರೀಕ್ಷಿಸಿದವರಿದ್ದಾರೆ. ಅಮೆರಿಕದ ಎಮಿಲಿ ರೋಸಾ ಎಂಬ ಶಾಲಾ ಹುಡುಗಿ ಮೈ ಮುಟ್ಟದೆ ಮೇಲೆ ಕೈಯಾಡಿಸಿ ವಾಸಿ ಮಾಡುತ್ತೇವೆ ಎನ್ನುವ 'ಥೆರಪ್ಯೂಟಿಕ್ ಟಚ್' ಪದ್ಧತಿಯ 21 ಜನರನ್ನು ಪರದೆಯ ಆಚೆ ಕೂರಿಸಿದಳು. ತನ್ನ ಕೈ ಅವರ ಯಾವ ಅಂಗೈ ಮೇಲಿದೆ ಎಂದು ನೋಡದೆ ಹೇಳಬೇಕಿತ್ತು. ಸುಮ್ನೆ ಊಹಿಸಿದರೂ ಅರ್ಧದಷ್ಟು ಸರಿಯಾಗಬೇಕಲ್ವಾ? ಅವರದು ಸರಿಯಾದದ್ದು ಶೇಕಡಾ 44. ಇದು 1998ರಲ್ಲಿ ಅಮೆರಿಕದ ವೈದ್ಯರ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಪದ್ಧತಿಯ ಹೆಸರು ಬೇರೆ ಇರಬಹುದು, ಆದರೆ ಅಮ್ಮನ ಮಂಡಿ ಮೇಲೆ ಕೈ ಹಿಡಿದವನು ಹೇಳಿದ್ದೂ ಅದನ್ನೇ.

ಇದರಲ್ಲಿ ತೈ ಚಿಯ ತಪ್ಪೇನಿಲ್ಲ. ಕೈಕಾಲು ನಡುಗಿ ನಡಿಗೆ ತಪ್ಪಿಸುವ ಪಾರ್ಕಿನ್ಸನ್ ಕಾಯಿಲೆ ಇರುವವರು ಅದನ್ನು ಕಲಿತಾಗ ಅವರ ಬ್ಯಾಲೆನ್ಸ್ ಸುಧಾರಿಸಿತು, ಬೀಳುವುದು ಕಡಿಮೆಯಾಯಿತು ಎಂದು 2012ರ ಅಧ್ಯಯನವೊಂದು ತೋರಿಸಿದೆ. ಮಂಡಿ ಬಗ್ಗಿಸಿ, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಮೆಲ್ಲಗೆ ದಾಟಿಸುತ್ತಾ ಹೋದರೆ ಕಾಲು ಗಟ್ಟಿಯಾಗುತ್ತದೆ. ಅಮ್ಮನಿಗೆ ಸಿಕ್ಕಿದ್ದ ಲಾಭವೂ ಅಷ್ಟೇ.

ಪವಾಡದಿಂದ ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದು 1954ರ 'ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್' ಕಾಯ್ದೆಯ ಪ್ರಕಾರ ಅಪರಾಧ. ಅಂಥ ಪಾಂಪ್ಲೆಟ್ ಅಥವಾ ವಾಟ್ಸಾಪ್ ಮೆಸೇಜ್ ಸಿಕ್ಕರೆ ಅಳಿಸದೆ ಇಟ್ಟುಕೊಳ್ಳಿ, ದೂರು ಕೊಡಲು ಬೇಕಾಗುತ್ತದೆ. ಮನೆಯ ಹಿರಿಯರು ಇಂಥ ಕಡೆ ಹೋಗುತ್ತಿದ್ದರೆ ಜಗಳ ಆಡಬೇಡಿ. ಮೊದಲು ಅವರ ಮಾತ್ರೆಯ ಸ್ಟ್ರಿಪ್ ನೋಡಿ. ಮಾತ್ರೆ ಹಾಗೇ ಉಳಿದಿದ್ದರೆ ಆವತ್ತೇ ಅವರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.